ಕೋಲಾರದ ಆಳ, ಊಟಿಯ ಎತ್ತರ

ಮೊದಲ ದಿನ: ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆ

ಹೊಸಕೋಟೆ ದಾಟುವವರೆಗೆ ಲಾರಿಗಳ ಸಾಲು. ಅದಾದ ಮೇಲೆ ರಸ್ತೆ ಬಿಡಿಸಿಕೊಂಡಿತು. ಹಿಂದಿನ ರಾತ್ರಿ ಮಳೆ ಚೆನ್ನಾಗಿಯೇ ಸುರಿದಿದ್ದರಿಂದ ಕೋಲಾರದ ಕಡೆಯ ಬಂಡೆಗುಡ್ಡಗಳೆಲ್ಲ ತೊಳೆದಿಟ್ಟಂತಿದ್ದವು. ಜತೆಗಿದ್ದವಳು ಅಣ್ಣನ ಮಗಳು ಪುಟ್ಟಿ, ಬಿ.ಎಸ್ಸಿ. ಎರಡನೇ ವರ್ಷ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ನ್ಯೂಟ್ರಿನೊ ಅನ್ನುವ ಕಣದ ಹೆಸರು ಪಠ್ಯದಲ್ಲಿ ಬರುವುದು ಬೀಟಾ ಕ್ಷಯದ (ಪರಮಾಣುವಿನ ಬೀಜ ಎಲೆಕ್ಟ್ರಾನ್ ಉಗುಳುವ ಕ್ರಿಯೆ) ಸಮೀಕರಣದ ಕೊನೆಗೆ, ಒಂದು ಅಕ್ಷರವಾಗಿ ಮಾತ್ರ. ಅದೇ ಕಣ ಬೆಂಗಳೂರಿನಿಂದ ನೂರು ಕಿಲೋಮೀಟರ್ ದೂರದ ಚಿನ್ನದ ಗಣಿಯೊಳಗೆ ಸಿಕ್ಕಿಬಿದ್ದ ಕತೆಯನ್ನು ಆ ಜಾಗದಲ್ಲೇ ನಿಂತು ಹೇಳಬೇಕು ಅನ್ನುವ ಆಸೆ ಬಹಳ ದಿನದ್ದು. ಅಲ್ಲಿಂದ ಆಕಾಶದಿಂದ ಬರುವ ಕಣಗಳನ್ನು ಎಣಿಸುವ ಪ್ರಯೋಗ ನೋಡಲು ಊಟಿಗೆ ಹೋಗುವುದು, ಬರುವಾಗ ಬಂಡೀಪುರದ ದಾರಿ ಹಿಡಿಯುವುದು ಎಂದು ಮಾತಾಗಿತ್ತು.

ಬಂಗಾರಪೇಟೆ ಮುಟ್ಟಿದಾಗ ಸಂಜೆ. ಆ ಊರಿಗೆ ಹೋಗಿ ಚಾಟ್ ತಿನ್ನದೆ ಬರುವುದುಂಟೆ? ಅಲ್ಲಿನ ಪಾನಿಗೆ ಬಣ್ಣವೇ ಇಲ್ಲ. ಪುದೀನ ಹಸಿರೂ ಇಲ್ಲ, ಹುಣಸೆ ಕಂದೂ ಇಲ್ಲ. ತಟ್ಟೆಯಲ್ಲಿ ಪುರಿ ಪುಡಿ ಮಾಡಿ, ಮೇಲೆ ಮಸಾಲೆ, ಈರುಳ್ಳಿ, ಕೊತ್ತಂಬರಿ ಹಾಕಿ ಆ ತಿಳಿನೀರು ಸುರಿದು ಕೊಡುತ್ತಾರೆ. ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತದೆ. ಪುಟ್ಟಿ ಎರಡು ತಟ್ಟೆ ಮುಗಿಸಿದಳು. ಹೋಗುವವರು ಆರು ಗಂಟೆಯ ಮೇಲೆ ಹೋಗಿ, ಚಾಟ್ ಗಾಡಿಗಳೆಲ್ಲ ಆಗಲೇ ಶುರುವಾಗುವುದು.

ರಾತ್ರಿ ಉಳಿದದ್ದು ಕೋಲಾರ ಚಿನ್ನದ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯಲ್ಲಿ. ಬೆಳಗಿನ ಜಾವ ರೈಲಿನ ಸದ್ದಿಗೆ ಎಚ್ಚರವಾಯಿತು. ಗಣಿ ಮುಚ್ಚಿದ ಮೇಲೆ ಈ ಊರಿನ ಸಾವಿರಾರು ಜನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ವಾಪಸಾಗುತ್ತಾರೆ. ಅಪ್ಪಂದಿರು ನೆಲದೊಳಕ್ಕೆ ಇಳಿಯುತ್ತಿದ್ದ ಪಾಳಿಯ ಹೊತ್ತಿಗೇ ಮಕ್ಕಳು ರೈಲು ಹತ್ತುತ್ತಿದ್ದಾರೆ.

ಎರಡನೇ ದಿನ: ಚಾಂಪಿಯನ್ ರೀಫ್

ಬೆಳಿಗ್ಗೆ ಸೈನೈಡ್ ದಿಬ್ಬಗಳ ಪಕ್ಕದಿಂದ ಹೋದೆವು. ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣು ನೂರಿಪ್ಪತ್ತು ವರ್ಷ ರಾಶಿ ಬಿದ್ದೂ ಬಿದ್ದೂ ಗುಡ್ಡಸಾಲೇ ಆಗಿದೆ, 3 ಕೋಟಿ ಟನ್ನಿಗೂ ಮಿಕ್ಕಿ. ಮಳೆ ಕೊರೆದ ಗೀರುಗಳು ಮೇಲಿಂದ ಕೆಳಗಿನವರೆಗೆ ಹರಿದಿವೆ. ಗಾಳಿ ಜೋರಾದ ದಿನ ಆ ಧೂಳು ಮನೆಯೊಳಗೆ ಬರುತ್ತದೆ ಎಂದು ಅಲ್ಲಿಯ ಹೆಂಗಸರು ಹೇಳಿದರು. ಬಿಸಿಲು ಏರುವ ಮುಂಚೆ ಹೋಗುವುದು ಒಳ್ಳೆಯದು, ಮೂಗಿಗೆ ಬಟ್ಟೆಯಿರಲಿ.

ಗಣಿಯೊಳಕ್ಕೆ ಈಗ ಯಾರೂ ಇಳಿಯುವಂತಿಲ್ಲ. 2001ರ ಫೆಬ್ರವರಿ 28ಕ್ಕೆ ಕೆಲಸ ನಿಂತಿತು, ಪಂಪುಗಳೂ ನಿಂತವು, ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಹೊರಗಿನಿಂದ ಕಾಣುವುದು ಶಾಫ್ಟಿನ, ಅಂದರೆ ಗಣಿಗೆ ಇಳಿಯುವ ಬಾವಿಯ, ಮೇಲಿನ ಕಬ್ಬಿಣದ ಗೋಪುರ, ಅದರ ನೆತ್ತಿಯ ರಾಟೆ, ಬೇಲಿ, ಬೀಗ. ಕಾವಲಿನವನು ಫೋಟೊ ಬೇಡ ಎಂದ, ನೋಡಲು ಬಿಟ್ಟ. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಒಬ್ಬ ಹಿರಿಯರು ಕೂತಿದ್ದರು. ಇಪ್ಪತ್ತೈದು ವರ್ಷ ಚಾಂಪಿಯನ್ ರೀಫಿನಲ್ಲಿ ದುಡಿದವರು. ಮನೆಮಾತು ತಮಿಳು, ನಮ್ಮೊಡನೆ ಆಡಿದ್ದು ತಮಿಳು ಬೆರೆತ ಕನ್ನಡ.

“ಕೇಜ್ ಬಿಟ್ರೆ ಕಿವಿ ಅಡಚ್ಕೊಳ್ಳೋದು ಸಾರ್. ಒಂದು ಶಾಫ್ಟ್ ಇಳಿದು, ನಡೆದು, ಇನ್ನೊಂದು ಇಳೀಬೇಕು. ಕೆಳಗೆ ಬಂಡೆಗೆ ಕೈ ಇಟ್ರೆ ಸುಡೋದು. ಏರ್ ಬ್ಲಾಸ್ಟ್ ಆದ್ರೆ ಮೇಲಿರೋ ಲೈನ್ ಮನೆಗಳಲ್ಲಿ ಪಾತ್ರೆ ಬೀಳೋದು. ಹೆಂಗಸ್ರು ಎಲ್ಲಾ ಓಡಿ ಬಂದು ಶಾಫ್ಟ್ ಹತ್ರ ನಿಲ್ಲೋರು.”

ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಏನಿಲ್ಲ. ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಹೆಚ್ಚು ಆಳದ ಗಣಿ. ತಳದಲ್ಲಿ ಬಂಡೆಯ ಕಾವು 60 ಡಿಗ್ರಿ ದಾಟುತ್ತಿತ್ತು. ಒತ್ತಡ ತಡೆಯಲಾರದೆ ಬಂಡೆ ತಾನಾಗಿ ಸಿಡಿಯುವುದನ್ನೇ ಅಲ್ಲಿಯವರು ಏರ್ ಬ್ಲಾಸ್ಟ್ ಅನ್ನುವುದು.

“ತಾತ, ಸೈಂಟಿಸ್ಟ್‌ಗಳು ಬರ್ತಿದ್ರಂತಲ್ಲ?” ಪುಟ್ಟಿ ಕೇಳಿದಳು.

“ಬರ್ತಿದ್ರಮ್ಮಾ, ಬಾಂಬೆ ಸಾರ್‌ಗಳು. ಜಪಾನ್‌ನವರೂ ಇದ್ರು. ನಮ್ಮ ಜೊತೇನೇ ಹೆಲ್ಮೆಟ್ ಹಾಕ್ಕೊಂಡು ಇಳಿಯೋರು. ಚೌಕದ ಕಬ್ಬಿಣದ ಪೈಪು, ಎಷ್ಟು ಅಂತೀರ, ಕೇಜಲ್ಲಿ ಇಳಿಸಿದೀವಿ. ಇದೇನಕ್ಕೆ ಸಾರ್ ಅಂದ್ರೆ, ಕಬ್ಬಿಣ ತಾನಾಗಿ ಸಾಯುತ್ತಾ ಅಂತ ಕಾಯ್ತಿದೀವಿ ಅಂದ್ರು.”

ಪ್ರೋಟಾನ್ ಕ್ಷಯದ, ಅಂದರೆ ಪರಮಾಣುವಿನ ಬೀಜದಲ್ಲಿರುವ ಪ್ರೋಟಾನ್ ತಾನಾಗಿ ಒಡೆಯುವುದನ್ನು ಹುಡುಕುವ, ಪ್ರಯೋಗವನ್ನು ಇದಕ್ಕಿಂತ ಚೆನ್ನಾಗಿ ನಾನು ತರಗತಿಯಲ್ಲಿ ಹೇಳಿದ್ದಿಲ್ಲ. ಅದಕ್ಕೆ ಮುಂದೆ ಬರುತ್ತೇನೆ, ಮೊದಲು ನ್ಯೂಟ್ರಿನೊ.

ಬಾಹ್ಯಾಕಾಶದಿಂದ ಪ್ರೋಟಾನುಗಳು ಹಗಲೂ ರಾತ್ರಿ ನಮ್ಮ ಗಾಳಿಗೆ ಬಂದು ಬಡಿಯುತ್ತವೆ. ಆ ಹೊಡೆತಕ್ಕೆ ಎತ್ತರದಲ್ಲೇ ಪಯಾನ್ ಅನ್ನುವ ಕಣಗಳು ಹುಟ್ಟಿ, ಕ್ಷಣದೊಳಗೆ ಒಡೆದು, ಒಂದು ಮ್ಯೂಆನ್ (ಎಲೆಕ್ಟ್ರಾನಿನಂಥದೇ, ತೂಕ ಹೆಚ್ಚಿನ ಕಣ) ಮತ್ತು ಒಂದು ನ್ಯೂಟ್ರಿನೊ ಆಗುತ್ತವೆ. ಎರಡೂ ಒಂದೇ ಗಳಿಗೆಯಲ್ಲಿ ಹುಟ್ಟಿದವು, ಹಣೆಬರಹ ಮಾತ್ರ ಬೇರೆ. ಮ್ಯೂಆನಿಗೆ ವಿದ್ಯುದಾವೇಶವಿದೆ, ಬಂಡೆಯಲ್ಲಿ ಶಕ್ತಿ ಕಳೆದುಕೊಳ್ಳುತ್ತಾ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ನ್ಯೂಟ್ರಿನೊಗೆ ಬಂಡೆ, ಕಬ್ಬಿಣ, ಇಡೀ ಭೂಮಿ ಯಾವುದೂ ಅಡ್ಡಿಯೇ ಅಲ್ಲ. ಸೂರ್ಯನಿಂದ ಬರುವ ನ್ಯೂಟ್ರಿನೊಗಳನ್ನಷ್ಟೇ ಲೆಕ್ಕ ಹಾಕಿದರೂ ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6,500 ಕೋಟಿ ಹಾದುಹೋಗುತ್ತವೆ. ರಾತ್ರಿ ಮಲಗಿದಾಗ ಅವು ಭೂಮಿಯನ್ನು ತೂರಿ ಮಂಚದ ಕೆಳಗಿನಿಂದ ಬರುತ್ತವೆ. 1930ರಲ್ಲಿ ಭೌತವಿಜ್ಞಾನಿ ವುಲ್ಫ್‌ಗಾಂಗ್ ಪೌಲಿ ಬೀಟಾ ಕ್ಷಯದಲ್ಲಿ ಶಕ್ತಿಯ ಲೆಕ್ಕ ತಾಳೆಯಾಗಲೆಂದು ಊಹಿಸಿದ ಕಣ ಇದು. ಸಿಕ್ಕೀತೆಂಬ ಭರವಸೆ ಅವರಿಗೇ ಇರಲಿಲ್ಲ. ಒಂದು ರಿಯಾಕ್ಟರಿನ ಪಕ್ಕ ಅದು ಸಿಕ್ಕಿದ್ದು 1956ರಲ್ಲಿ.

ರಿಯಾಕ್ಟರಿನದು ಸಿಕ್ಕಿತು, ಸರಿ. ಆಕಾಶದಲ್ಲಿ ಹುಟ್ಟಿದ್ದನ್ನು ಹಿಡಿಯುವುದು ಹೇಗೆ? ನೆಲದ ಮೇಲೆ ಮ್ಯೂಆನುಗಳ ಗದ್ದಲದಲ್ಲಿ ಅದು ಕೇಳಿಸುವುದೇ ಇಲ್ಲ. ಹೋಮಿ ಭಾಭಾ ಅವರ ಮಾತಿನ ಮೇಲೆ 1951ರಲ್ಲಿ ಬಿ.ವಿ. ಶ್ರೀಕಂಠನ್ ಅನ್ನುವ ತರುಣ ಎಣಿಕೆಯ ಉಪಕರಣ ಹೊತ್ತುಕೊಂಡು ಈ ಗಣಿಗೆ ಇಳಿದರು. ಆಳ ಹೆಚ್ಚಿದಂತೆ ಮ್ಯೂಆನುಗಳ ಸಂಖ್ಯೆ ಎಷ್ಟು ಇಳಿಯುತ್ತದೆ ಎಂದು ಅಳೆಯುವುದು ಆಗಿನ ಕೆಲಸ. ಅಲ್ಲಿಂದ ಮುಂದೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಇನ್ನೂ ಕೆಳಗೆ, ಇನ್ನೂ ಕೆಳಗೆ ಎಂದು ಇಳಿಯುತ್ತಲೇ ಹೋದರು. 1960ರ ದಶಕದ ಮೊದಲಲ್ಲಿ 2,700 ಮೀಟರಿಗೂ ಕೆಳಗೆ ಉಪಕರಣ ಇಟ್ಟು ಎರಡು ತಿಂಗಳು ಕಾದರು. ಒಂದೇ ಒಂದು ಮ್ಯೂಆನ್ ಬರಲಿಲ್ಲ.

ಪುಟ್ಟಿಗೆ ನಾನು ಒತ್ತಿ ಹೇಳಿದ್ದು ಈ ಎರಡು ತಿಂಗಳನ್ನೇ. ಕತೆ ಕಾದಂಬರಿಗಳಲ್ಲಿ ವಿಸ್ಮಯ ಬರುವಾಗ ಬೆಳಕು, ಸದ್ದು ಎಲ್ಲ ಜತೆಗೆ ಬರುತ್ತದೆ. ಇಲ್ಲಿ ಬಂದದ್ದು ಒಂದು ಸೊನ್ನೆ. ಸುಡುವ ಬಂಡೆಯ ನಡುವೆ ಬೆವರು ಒರೆಸಿಕೊಂಡು ದಿನದಿನವೂ ಸೊನ್ನೆ ಬರೆದುಕೊಂಡವರಿಗೆ ಅದರ ಬೆಲೆ ಗೊತ್ತಿತ್ತು. ಎರಡೂವರೆ ಕಿಲೋಮೀಟರಿಗೂ ಮಿಕ್ಕ ಬಂಡೆ ಜರಡಿಯಾಗಿ ನಿಂತು ಮಿಕ್ಕಿದ್ದೆಲ್ಲವನ್ನೂ ಮೇಲೇ ತಡೆದಿದೆ ಎಂದಾದರೆ, ಇನ್ನು ಇಲ್ಲಿ ಏನಾದರೂ ಸಿಕ್ಕರೆ ಅದು ನ್ಯೂಟ್ರಿನೊ ಕೆಲಸವೇ.

ಹಾಗಾಗಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಹೀತ್‌ಕೋಟ್ ಶಾಫ್ಟಿನ ಕಡೆ, ಹೊಸ ಉಪಕರಣ ನಿಲ್ಲಿಸಿದರು. ನಮ್ಮವರ ಜತೆ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯದವರು ಕೈಜೋಡಿಸಿದ್ದರು. ಟೀ ಅಂಗಡಿಯ ಮೇಜಿನ ಮೇಲೆ ಪುಟ್ಟಿ ಬಿಸ್ಕತ್ತು ಪೊಟ್ಟಣಗಳನ್ನು ಎದುರುಬದುರು ನಿಲ್ಲಿಸಿ ಅದರ ನಕ್ಷೆ ಮಾಡಿದಳು: ಆ ಕಡೆ ಒಂದು ಗೋಡೆ, ಈ ಕಡೆ ಒಂದು ಗೋಡೆ, ಎರಡರಲ್ಲೂ ಕಣ ಹಾದರೆ ಮಿನುಗುವ ಪ್ಲಾಸ್ಟಿಕ್, ನಡುವೆ ಸೀಸ ಮತ್ತು ನಿಯಾನ್ ಕೊಳವೆಗಳು. ಮೇಲಿಂದ ಬರುವ ಮ್ಯೂಆನ್ ಅಲ್ಲಿಯವರೆಗೆ ಇಳಿದರೂ ಹೆಚ್ಚುಕಡಿಮೆ ನೆಟ್ಟಗೇ ಇಳಿಯಬೇಕು. ಅಡ್ಡಡ್ಡ ಬರುವುದಾದರೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಬಂಡೆ ತೂರಿ ಬರಬೇಕು, ಅದು ಆಗದ ಮಾತು. ಅಡ್ಡಲಾಗಿ ಒಂದು ಗೆರೆ ಮೂಡಿತೆಂದರೆ ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೊ ಡಿಕ್ಕಿ ಹೊಡೆದು ಮ್ಯೂಆನ್ ಹುಟ್ಟಿದೆ ಎಂದರ್ಥ.

ಅಂಥ ಗೆರೆಗಳು 1965ರಲ್ಲಿ ಮೂಡಿದವು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಅಮೆರಿಕದ ಭೌತವಿಜ್ಞಾನಿ ಫ್ರೆಡರಿಕ್ ರೀನ್ಸ್ ತಂಡಕ್ಕೂ ಅದೇ ವರ್ಷ ಸಿಕ್ಕವು. ಕೋಲಾರದವರ ವರದಿ ಆಗಸ್ಟ್ ನಡುವೆ ಪ್ರಕಟವಾಯಿತು, ಅವರದು ಅದೇ ತಿಂಗಳ ಕೊನೆಗೆ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಕುರಿತು ಜಗತ್ತು ಓದಿದ ಮೊದಲ ವರದಿ ಹೋದದ್ದು ಈ ಊರಿನ ನೆಲದೊಳಗಿನಿಂದ. ಊರಿನಲ್ಲಿ ಅದಕ್ಕೊಂದು ದೊಡ್ಡ ಫಲಕ ಇರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸಿತು. ನಾವು ಸುತ್ತಿದ ಬೀದಿಗಳಲ್ಲಿ ಒಂದೂ ಕಾಣಲಿಲ್ಲ.

ಆ ಹಿರಿಯರು ಹೇಳಿದ ಚೌಕದ ಪೈಪುಗಳು 1980ರವು. ಪ್ರೋಟಾನು ಶಾಶ್ವತವಲ್ಲ, ಎಂದೋ ಒಂದು ದಿನ ಅದೂ ಒಡೆಯುತ್ತದೆ ಎಂದು 1970ರ ದಶಕದ ಸಿದ್ಧಾಂತಗಳು ಹೇಳಿದವು. ಆಯಸ್ಸು ಒಂದರ ಮುಂದೆ ಮೂವತ್ತೊಂದು ಸೊನ್ನೆ ಹಾಕಿದಷ್ಟು ವರ್ಷದ ಆಸುಪಾಸು. ವಿಶ್ವದ ವಯಸ್ಸೇ 1,380 ಕೋಟಿ ವರ್ಷ! ಅದನ್ನು ಕಾಣಲು 140 ಟನ್ ಕಬ್ಬಿಣದ ಉಪಕರಣವನ್ನು ಕೆಳಗಿಳಿಸಿ ಕಾದರು. ಒಡೆದಂತೆ ಕಂಡ ಕೆಲವು ಗುರುತುಗಳು ಸಿಕ್ಕವು, ಜಗತ್ತೆಲ್ಲ ಕೋಲಾರದ ಕಡೆ ತಿರುಗಿತು. ಆಮೇಲೆ ಅಮೆರಿಕ, ಜಪಾನುಗಳ ದೊಡ್ಡ ನೀರಿನ ತೊಟ್ಟಿಗಳಲ್ಲಿ ಅದು ಕಾಣಲಿಲ್ಲ. ಜಪಾನಿನ ಕಮಿಯೊಕಾದ ತೊಟ್ಟಿಯನ್ನು ಕಟ್ಟಿದ್ದೂ ಪ್ರೋಟಾನಿನ ಸಾವಿಗೆ ಕಾಯಲು. ಅದಕ್ಕೆ 1987ರ ಫೆಬ್ರವರಿ 23ರಂದು ಸಿಕ್ಕಿದ್ದು 1.6 ಲಕ್ಷಕ್ಕೂ ಹೆಚ್ಚು ಬೆಳಕಿನ ವರ್ಷ ಆಚೆ ಸತ್ತ ನಕ್ಷತ್ರವೊಂದರ ನ್ಯೂಟ್ರಿನೊಗಳು, ಹತ್ತಕ್ಕೆ ತುಸು ಹೆಚ್ಚು.

ಹಿರಿಯರು ಟೀ ದುಡ್ಡು ಕೊಡಲು ಬಿಡಲಿಲ್ಲ. “ಆ ಸಾರ್‌ಗಳಿಗೆ ಸಿಕ್ತಾ ಕಡೆಗೆ?” ಎಂದು ಕೇಳಿದರು. ಒಂದು ಸಿಕ್ಕಿತು, ಇನ್ನೊಂದು ಇನ್ನೂ ಯಾರಿಗೂ ಸಿಕ್ಕಿಲ್ಲ ಎಂದೆ. ಸಿಕ್ಕಿದ್ದರಲ್ಲಿ ತಮ್ಮ ಪಾಲೂ ಇದೆ ಎಂದು ತಿಳಿದು ಅವರ ಮುಖ ಅರಳಿತು. ಇದೆ ತಾನೆ? ಅಷ್ಟು ಆಳ ಅಗೆದವರು ಅವರೇ.

ಮೂರನೇ ದಿನ: ಮೂರು ರಾಜ್ಯ, ಒಂದು ಘಾಟಿ

ಮುಂಜಾನೆ ಹೊರಟು ಆಂಧ್ರದ ಕುಪ್ಪಂ ಹಾದು ತಮಿಳುನಾಡಿನ ಕೃಷ್ಣಗಿರಿಯಲ್ಲಿ ಹೆದ್ದಾರಿ ಸೇರಿದೆವು. ಕುಪ್ಪಂವರೆಗಿನ ದಾರಿ ಸಣ್ಣದು, ಚೆಂದದ್ದು. ಟೊಮೇಟೊ ಹೊಲ, ಹುಣಸೆ ಸಾಲು, ರೇಷ್ಮೆಗೆ ಹಿಪ್ಪುನೇರಳೆ. ತೊಪ್ಪೂರು ಇಳಿಜಾರಿನಲ್ಲಿ ಭಾರದ ಲಾರಿಗಳ ಹಿಂದೆ ಅವಸರ ಮಾಡದಿದ್ದರೆ ಮಿಕ್ಕ ದಾರಿ ಸುಗಮ. ಸೇಲಂ ದಾಟಿ ಒಂದು ಮೆಸ್ಸಿನಲ್ಲಿ ಬಾಳೆಲೆ ಊಟ, ಗಟ್ಟಿ ಮೊಸರು.

ನೀಲಗಿರಿಗೆ ವಾಹನದಲ್ಲಿ ಹೋಗಲು ಈಗ ಇ-ಪಾಸ್ ಬೇಕು. ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ಮಾಡಿಟ್ಟಿದ್ದರಿಂದ ಮೆಟ್ಟುಪಾಳ್ಯಂ ದಾಟಿದ ಮೇಲೆ ತಡವಾಗಲಿಲ್ಲ. ಪ್ಲಾಸ್ಟಿಕ್ ನೀರಿನ ಬಾಟಲಿಗಳನ್ನು ಅಲ್ಲೇ ತೆಗೆದಿಡುತ್ತಾರೆ, ಸ್ಟೀಲಿನದು ಒಯ್ಯಿರಿ.

ಕೂನೂರಿನ ಹೇರ್‌ಪಿನ್ ತಿರುವುಗಳು ಶುರುವಾಗುವ ಹೊತ್ತಿಗೆ ಮಳೆ ಹಿಡಿಯಿತು. ಬರ್ಲಿಯಾರ್ ದಾಟುತ್ತಿದ್ದಂತೆ ನನ್ನ ಕಡೆಯ ವೈಪರಿನ ರಬ್ಬರ್ ಕಿತ್ತುಬಂದು ಕಡ್ಡಿ ಗಾಜಿಗೆ ಉಜ್ಜತೊಡಗಿತು. ಮುಂದೆ ಮಂಜು, ಪಕ್ಕದಲ್ಲಿ ಕಮರಿ. ಮೆಲ್ಲನೆ ಹೋಗಿ ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿದೆ. ಅಲ್ಲಿ ನಿಂತಿದ್ದ ಟೆಂಪೊ ಡ್ರೈವರ್ ಒಬ್ಬರು ಮಾತಿಲ್ಲದೆ ಬಂದು, ಹಳೆಯ ಟ್ಯೂಬಿನ ತುಂಡು ಕತ್ತರಿಸಿ ತಂತಿಯಲ್ಲಿ ಕಟ್ಟಿಕೊಟ್ಟರು. ದುಡ್ಡು ಬೇಡವೆಂದರು. ಊಟಿ ತಲುಪುವವರೆಗೂ ಆ ತುಂಡೇ ನೀರು ಒರೆಸಿತು.

ಮಳೆ ತಗ್ಗುವವರೆಗೆ ಕೂತಾಗ ಪುಟ್ಟಿ ಮ್ಯೂಆನಿನ ಮಾತು ತೆಗೆದಳು. “ಚಿಕ್ಕಪ್ಪ, ಅದರ ಆಯಸ್ಸು 2.2 ಮೈಕ್ರೊಸೆಕೆಂಡ್. ಬೆಳಕಿನ ವೇಗದಲ್ಲಿ ಓಡಿದ್ರೂ 660 ಮೀಟರ್ ಆಗುತ್ತೆ ಅಷ್ಟೆ. ಹುಟ್ಟೋದು 15 ಕಿಲೋಮೀಟರ್ ಮೇಲೆ. ನೆಲ ಮುಟ್ಟಲೇಬಾರದು ಅಲ್ವಾ?”

ಮುಟ್ಟುತ್ತದೆ. ನಾವು ಕೂತಿದ್ದ ಆ ತಗಡಿನ ಸೂರಿನ ಕೆಳಗೂ ಅಂಗೈಯೊಂದರ ಮೂಲಕ ಸೆಕೆಂಡಿಗೆ ಒಂದರಂತಾದರೂ ಹಾದುಹೋಗುತ್ತಿತ್ತು. ವೇಗವಾಗಿ ಓಡುವವನ ಗಡಿಯಾರ ನಮಗೆ ನಿಧಾನವಾಗಿ ಕಾಣುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ಹೇಳಿದ್ದು ಇಲ್ಲಿ ಅಕ್ಷರಶಃ ನಡೆಯುತ್ತಿದೆ. ಬೆಳಕಿನ ವೇಗದ 99.95 ಶೇಕಡಾದಲ್ಲಿ ಓಡುವ ಮ್ಯೂಆನಿನ 2.2 ಮೈಕ್ರೊಸೆಕೆಂಡ್ ನಮ್ಮ ಲೆಕ್ಕದಲ್ಲಿ ಸುಮಾರು 70 ಆಗುತ್ತದೆ. ಅಷ್ಟರಲ್ಲಿ ಅದು 20 ಕಿಲೋಮೀಟರ್ ಓಡಬಹುದು. ಈ ಕಣದ ಆಯಸ್ಸು ಹೀಗೆ ಹಿಗ್ಗಬೇಕು, ಅದು ಐನ್‌ಸ್ಟೈನ್‌ರ ಈ ಸಾಪೇಕ್ಷತೆಯ ಸಿದ್ಧಾಂತಕ್ಕೆ ನೇರ ಪರೀಕ್ಷೆಯಾಗುತ್ತದೆ ಎಂದು 1938ರಲ್ಲೇ ಬರೆದವರು ಭಾಭಾ. ಮರುವರ್ಷದಿಂದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು, ಟಾಟಾ ಸಂಸ್ಥೆ 1945ರಲ್ಲಿ ಶುರುವಾದದ್ದೂ ಅಲ್ಲೇ.

“ಮ್ಯೂಆನ್‌ಗೆ ಹೇಗೆ ಕಾಣುತ್ತೆ? ಅದರ ಗಡಿಯಾರ ಅದಕ್ಕೆ ಸರಿಯಾಗೇ ಓಡ್ತಿರುತ್ತಲ್ಲ.”

ಸರಿಯಾದ ಪ್ರಶ್ನೆ. ಮ್ಯೂಆನಿನ ಕಡೆಯಿಂದ ನೋಡಿದರೆ ಆಯಸ್ಸು ಹಿಗ್ಗಿಲ್ಲ, ಆಕಾಶವೇ ಕುಗ್ಗಿದೆ. ನಮ್ಮ 15 ಕಿಲೋಮೀಟರ್ ಅದಕ್ಕೆ 500 ಮೀಟರಿಗೂ ಕಡಿಮೆ. ಯಾವುದು ನಿಜ ಎಂದು ಪುಟ್ಟಿ ಮತ್ತೆ ಕೇಳಿದಳು. ಎರಡೂ ನಿಜ. ನೆಲ ಮುಟ್ಟಿತೇ ಇಲ್ಲವೇ ಎನ್ನುವಲ್ಲಿ ಇಬ್ಬರಿಗೂ ಜಗಳವಿಲ್ಲ. ಈ ಉತ್ತರ ಕೊಡುವಾಗ ಇಷ್ಟು ವರ್ಷವಾದರೂ ನನಗೆ ಮೈ ಜುಮ್ಮೆನ್ನುತ್ತದೆ. ಅಂದು ಮಳೆಯಲ್ಲಿ, ಶುಂಠಿ ಚಹಾ ಕೈಯಲ್ಲಿ ಹಿಡಿದು ಹೇಳುವಾಗಲೂ ಹಾಗೆಯೇ ಆಯಿತು.

ನಾಲ್ಕನೇ ದಿನ: ಮುತ್ತೊರೈ

ಊಟಿಯ ಬೆಳಗು ತಣ್ಣಗಿತ್ತು. ಬೇಕರಿಯಿಂದ ಬಿಸಿ ವರ್ಕಿ (ಪದರ ಪದರದ ಗರಿಗರಿ ತಿನಿಸು) ಕಟ್ಟಿಸಿಕೊಂಡು ಮುತ್ತೊರೈ ಪಾಲಡದ ಕಡೆ ಇಳಿದೆವು. ಸರೋವರ, ಸಸ್ಯೋದ್ಯಾನ ಎಂದು ನಿಂತವರಿಗೆ ಈ ಕಣಿವೆ ಸಿಗುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕ್ಯಾರೆಟ್, ಆಲೂಗಡ್ಡೆ, ಎಲೆಕೋಸು. ಹಳ್ಳದ ಪಕ್ಕ ಕ್ಯಾರೆಟ್ ತೊಳೆಯುವ ಯಂತ್ರ ಗಡಗಡ ತಿರುಗುತ್ತಿತ್ತು, ಮೂಟೆಗಳು ಲಾರಿ ಏರುತ್ತಿದ್ದವು. ದಾರಿ ಕೇಳಿದ್ದು ನೀಲಗಿರಿಯ ಬಡಗ ಸಮುದಾಯದ ಒಬ್ಬ ರೈತರನ್ನು. ಅವರು ಅವರ ಮಾತಿನಲ್ಲಿ, ನಾನು ನನ್ನ ಮಾತಿನಲ್ಲಿ ಆಡಿದರೂ ಅರ್ಥವಾಗಲು ಕಷ್ಟವಾಗಲಿಲ್ಲ. ಮಧ್ಯಾಹ್ನದ ಮೇಲೆ ಗುಡುಗು ಬರುತ್ತದೆ, ಬಯಲಲ್ಲಿ ನಿಲ್ಲಬೇಡಿ ಎಂದು ಎಚ್ಚರಿಸಿ ಎರಡು ಹಿಡಿ ಕ್ಯಾರೆಟ್ ಕೈಗಿಟ್ಟರು.

ತಿರುವಿನಾಚೆ ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿಯುವ ರೇಡಿಯೊ ದೂರದರ್ಶಕ ಕಂಡಿತು. 530 ಮೀಟರ್ ಉದ್ದ, 30 ಮೀಟರ್ ಅಗಲ. ಗುಡ್ಡದ ಇಳಿಜಾರಿನ ಮೇಲೆ ಉತ್ತರ ದಕ್ಷಿಣವಾಗಿ 24 ಕಬ್ಬಿಣದ ಚೌಕಟ್ಟುಗಳು, ಅವುಗಳ ಮೇಲೆ ಈ ತುದಿಯಿಂದ ಆ ತುದಿಗೆ ಬಿಗಿದ 1,100 ಸ್ಟೀಲ್ ತಂತಿಗಳು. ಇದನ್ನು ಕಟ್ಟಿಸಿದ ಖಗೋಳವಿಜ್ಞಾನಿ ಗೋವಿಂದ ಸ್ವರೂಪ್ ಈ ಗುಡ್ಡವನ್ನೇ ಆರಿಸಿದ್ದಕ್ಕೆ ಕಾರಣ ಇಳಿಜಾರು. ಅದು ಸುಮಾರು 11 ಡಿಗ್ರಿ, ಊಟಿಯ ಅಕ್ಷಾಂಶವೂ ಅಷ್ಟೇ. ಹಾಗಾಗಿ ದೂರದರ್ಶಕದ ಉದ್ದನೆಯ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರ. ಒಂದೇ ಅಕ್ಷದ ಮೇಲೆ ಮೆಲ್ಲನೆ ತಿರುಗಿಸುತ್ತಾ ಹೋದರೆ ಸಾಕು, ಆಕಾಶದ ಒಂದು ಬಿಂದುವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. 1970ರಿಂದ ಕೆಲಸ ಮಾಡುತ್ತಿದೆ. ಚಂದ್ರ ಅಡ್ಡ ಬಂದಾಗ ದೂರದ ರೇಡಿಯೊ ಆಕರಗಳು ಮರೆಯಾಗುವ ರೀತಿ ನೋಡಿ ಅವುಗಳ ಗಾತ್ರ ಅಳೆದರು. ವಿಶ್ವ ಎಂದಿನಿಂದಲೂ ಹೀಗೇ ಇದೆ ಅನ್ನುವ ವಾದಕ್ಕಿಂತ ಮಹಾಸ್ಫೋಟದಿಂದ ಬೆಳೆದುಬಂತು ಅನ್ನುವುದಕ್ಕೆ ಬಲ ಕೊಟ್ಟ ಅಳತೆಗಳು ಅವು. ನಾವು ನಿಂತಲ್ಲಿಂದ ಕೇಳುತ್ತಿದ್ದದ್ದು ತಂತಿಗಳಲ್ಲಿ ಗಾಳಿ ಹಾಯುವ ಸದ್ದು.

ನಮ್ಮ ಮುಖ್ಯ ಕೆಲಸವಿದ್ದದ್ದು ಇನ್ನೊಂದು ಕಡೆ, ಬಾಹ್ಯಾಕಾಶದಿಂದ ಬರುವ ಕಣಗಳನ್ನು ಅಳೆಯುವ ಗ್ರೇಪ್ಸ್-3 ಪ್ರಯೋಗದಲ್ಲಿ. ಇವೆಲ್ಲ ಕೆಲಸ ನಡೆಯುತ್ತಿರುವ ಜಾಗಗಳು. ಮೊದಲೇ ಪತ್ರ ಬರೆದು ಒಪ್ಪಿಗೆ ಪಡೆದು ಹೋಗಬೇಕು, ಹಾಗೇ ಹೋಗಿ ಗೇಟಿನಲ್ಲಿ ನಿಂತರೆ ಆಗದು. ಹುಲ್ಲುಗಾವಲಿನ ತುಂಬ ಎಂಟೆಂಟು ಮೀಟರಿಗೊಂದರಂತೆ ಮುಚ್ಚಳವಿರುವ ಪೆಟ್ಟಿಗೆಗಳು. ಆಕಾಶದಲ್ಲಿ ಒಂದು ಡಿಕ್ಕಿಯಾದರೆ ಚದುರಿ ಬೀಳುವ ಕಣಗಳ ಇಡೀ ಸೋನೆಯನ್ನು ಅವು ಒಟ್ಟಿಗೆ ಹಿಡಿಯುತ್ತವೆ. ಪಕ್ಕದ ಕಟ್ಟಡಗಳಲ್ಲಿ ಮ್ಯೂಆನ್ ದೂರದರ್ಶಕ. ತೋರಿಸಿದವರು ಅಲ್ಲಿಯ ಒಬ್ಬ ತರುಣ ಎಂಜಿನಿಯರ್.

ಒಳಗೆ ಕಾಲಿಟ್ಟಾಗ ಎದುರಿಗೆ ಕಂಡದ್ದು ಕಾಂಕ್ರೀಟಿನ ರಾಶಿ, ಎರಡು ಮೀಟರ್ ದಪ್ಪ. ಅದರ ಕೆಳಗೆ ಪದರ ಪದರವಾಗಿ ಅಡ್ಡ ಉದ್ದ ಜೋಡಿಸಿದ ಕಬ್ಬಿಣದ ಚೌಕ ಕೊಳವೆಗಳು. ಒಂದೊಂದೂ 6 ಮೀಟರ್ ಉದ್ದ, ಬಾಯಿ 10 ಸೆಂಟಿಮೀಟರ್ ಚೌಕ. ಕೋಲಾರದಲ್ಲಿ ಆ ಹಿರಿಯರು ಇಳಿಸಿದ್ದೂ ಇದೇ ಬಗೆಯ ಕೊಳವೆ. ಬಿಡಿಯಾಗಿ ಇಟ್ಟಿದ್ದ ಒಂದರ ಬಾಯಿಯನ್ನು ಪುಟ್ಟಿ ಬಗ್ಗಿ ನೋಡಿದಳು. ನಟ್ಟನಡುವೆ ಕೂದಲೆಳೆಯಷ್ಟು ಸಣ್ಣ ಟಂಗ್‌ಸ್ಟನ್ ತಂತಿ, ಟಾರ್ಚ್ ಬಿಟ್ಟಾಗ ಮಾತ್ರ ಹೊಳೆಯಿತು. ಕೊಳವೆಯಲ್ಲಿ ಆರ್ಗಾನ್, ಮೀಥೇನ್ ಬೆರೆತ ಅನಿಲ ತುಂಬಿ, ತಂತಿಗೆ ಹೆಚ್ಚಿನ ವೋಲ್ಟೇಜ್ ಕೊಡುತ್ತಾರೆ. ಮ್ಯೂಆನ್ ಹಾದುಹೋದ ದಾರಿಯಲ್ಲಿ ಅನಿಲದ ಎಲೆಕ್ಟ್ರಾನುಗಳು ಕಿತ್ತುಬಂದು ತಂತಿಯ ಕಡೆ ಓಡುತ್ತವೆ, ಒಂದು ಸಣ್ಣ ಮಿಡಿತ ದಾಖಲಾಗುತ್ತದೆ. ಇಂಥ 3,712 ಕೊಳವೆಗಳು, ಒಟ್ಟು 560 ಚದರ ಮೀಟರ್, ದಿನಕ್ಕೆ ಸುಮಾರು 400 ಕೋಟಿ ಮ್ಯೂಆನ್. ಕೆಲಸ ನಡೆಸುವವರು ಟಾಟಾ ಸಂಸ್ಥೆಯವರು ಮತ್ತು ಜಪಾನಿನ ಜತೆಗಾರರು.

ಕೋಲಾರದಲ್ಲಿ ಮ್ಯೂಆನುಗಳಿಂದ ತಪ್ಪಿಸಿಕೊಳ್ಳಲೆಂದು ಪಾತಾಳಕ್ಕೆ ಇಳಿದರು, ಇಲ್ಲಿ ಒಂದನ್ನೂ ಬಿಡದೆ ಎಣಿಸಲು 2,200 ಮೀಟರ್ ಮೇಲೆ ಕೂತಿದ್ದಾರೆ.

ಆ ರೈತರು ಹೇಳಿದ ಹಾಗೆಯೇ ಎರಡೂವರೆ ಗಂಟೆಗೆ ಮೋಡ ಕವಿಯಿತು. ಗುಡುಗಿಗೆ ತಗಡು ನಡುಗಿತು. ಎಂಜಿನಿಯರ್ ನಮ್ಮನ್ನು ಒಂದು ಕಂಪ್ಯೂಟರ್ ಪರದೆಯ ಮುಂದೆ ಕೂರಿಸಿ 2014ರ ಡಿಸೆಂಬರ್ 1ರ ಗೆರೆಯನ್ನು ತೋರಿಸಿದರು. ಅಂದು ಇಂಥದೇ ಗುಡುಗು ಮೋಡ ಮೇಲೆ ಹಾದಾಗ ಹದಿನೆಂಟು ನಿಮಿಷ ಮ್ಯೂಆನುಗಳ ಎಣಿಕೆ ಕುಸಿದಿತ್ತು, ಶೇಕಡಾ ಎರಡರ ಆಸುಪಾಸು. ಮೋಡದ ವಿದ್ಯುತ್ ಕ್ಷೇತ್ರ ಧನ ಆವೇಶದ ಮ್ಯೂಆನುಗಳನ್ನು ತಡೆಯುತ್ತದೆ, ಋಣ ಆವೇಶದವನ್ನು ತಳ್ಳುತ್ತದೆ. ಧನದವು ಸಂಖ್ಯೆಯಲ್ಲಿ ತುಸು ಹೆಚ್ಚಿರುವುದರಿಂದ ಒಟ್ಟು ಎಣಿಕೆ ಇಳಿಯುತ್ತದೆ. ಎಷ್ಟು ಇಳಿಯಿತು ಎಂಬುದರಿಂದ ಮೋಡದ ವೋಲ್ಟೇಜ್ ಎಷ್ಟಿತ್ತು ಎಂದು ಲೆಕ್ಕ ಹಾಕಿದರು: 130 ಕೋಟಿ ವೋಲ್ಟ್. ನಮ್ಮ ಮನೆಯ ಸಾಕೆಟ್ಟಿನಲ್ಲಿ ಇರುವುದು 230. ಮೋಡಗಳಲ್ಲಿ ನೂರು ಕೋಟಿ ವೋಲ್ಟ್ ಇರಬಹುದು ಎಂದು ಬ್ರಿಟನ್ನಿನ ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ 1929ರಲ್ಲೇ ಅಂದಿದ್ದರು. ಬಲೂನು ಹಾರಿಸಿ ಅಳೆದವರಿಗೆ ಅದರ ಹತ್ತಿರವೂ ಸಿಕ್ಕಿರಲಿಲ್ಲ. 2019ರಲ್ಲಿ ಈ ಕಬ್ಬಿಣದ ಕೊಳವೆಗಳಿಂದ ಅದು ಸಿಕ್ಕಿತು, ಮೋಡವನ್ನು ಮುಟ್ಟದೆಯೇ.

ಎಲ್ಲೋ ದೂರದ ನಕ್ಷತ್ರಲೋಕದಲ್ಲಿ ಹೊರಟ ಪ್ರೋಟಾನು ಬಂದು ಗಾಳಿಗೆ ಬಡಿದು, ಹುಟ್ಟಿದ ಮ್ಯೂಆನು ಸಾಪೇಕ್ಷತೆಯ ದಯೆಯಿಂದ ನೆಲದವರೆಗೆ ಬದುಕಿ, ದಾರಿಯಲ್ಲಿ ಸಿಕ್ಕ ಮೋಡದ ಸುದ್ದಿಯನ್ನು ಕ್ಯಾರೆಟ್ ಹೊಲಗಳ ನಡುವಿನ ಕೊಳವೆಗೆ ತಂದು ಒಪ್ಪಿಸುತ್ತದೆ. ಇದನ್ನು ಕತೆಯಾಗಿ ಬರೆದು ತಂದರೆ ಅತಿಯಾಯಿತು ಎಂದು ನಾನೇ ಹೇಳುತ್ತಿದ್ದೆ. ಪರದೆಯ ಮೇಲಿದ್ದದ್ದು ಎಣಿಕೆ. ನಿಮಿಷ ನಿಮಿಷದ್ದು.

ಹೊರಡುವಾಗ ಎಂಜಿನಿಯರ್ ಇನ್ನೊಂದು ಗೆರೆ ತೋರಿಸಿದರು, 2015ರ ಜೂನ್ 22ರದು. ಸೂರ್ಯನಿಂದ ಸಿಡಿದ ಪ್ಲಾಸ್ಮಾ (ವಿದ್ಯುದಾವೇಶದ ಕಣಗಳ ಬಿಸಿ ಅನಿಲ) ಭೂಮಿಯ ಕಾಂತಕವಚವನ್ನು ಅದುಮಿ ದುರ್ಬಲಗೊಳಿಸಿದಾಗ ಎರಡು ಗಂಟೆ ಮ್ಯೂಆನುಗಳ ಎಣಿಕೆ ಏರಿತ್ತು. ಅಂದು ಮಧ್ಯರಾತ್ರಿ ನಾವೆಲ್ಲ ನಿದ್ದೆಯಲ್ಲಿದ್ದೆವು.

ಕೊನೆಯ ದಿನ: ಬಂಡೀಪುರ, ನಂಜನಗೂಡು

ಪೈಕಾರಾ, ಗುಡಲೂರು, ಮುದುಮಲೈ. ಬಂಡೀಪುರದ ಕಾಡುದಾರಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ, ಹಗಲಲ್ಲೇ ದಾಟಿಕೊಳ್ಳಬೇಕು. ಗಡಿಯ ಹತ್ತಿರ ಒಂದು ಹೆಣ್ಣಾನೆ ಮರಿಯೊಡನೆ ರಸ್ತೆ ಬದಿಯ ಹಸಿ ಹುಲ್ಲು ಕಿತ್ತು, ಮುಂಗಾಲಿಗೆ ಬಡಿದು ಮಣ್ಣು ಉದುರಿಸಿ ತಿನ್ನುತ್ತಿತ್ತು. ಯಾರೂ ಹಾರ್ನ್ ಮಾಡಲಿಲ್ಲ. ಗುಂಡ್ಲುಪೇಟೆಯಲ್ಲಿ ವೈಪರಿಗೆ ಹೊಸ ರಬ್ಬರ್ ಹಾಕಿಸಿಯಾಯಿತು.

ನಂಜನಗೂಡಿನಲ್ಲಿ ನಿಲ್ಲಲೇಬೇಕಿತ್ತು. 1951ರಲ್ಲಿ ಗಣಿಗೆ ಇಳಿದ ಶ್ರೀಕಂಠನ್ ಹುಟ್ಟಿದ್ದು ಈ ಊರಿನಲ್ಲಿ, 1925ರಲ್ಲಿ. ಮುಂದೆ ಅವರು ಟಾಟಾ ಸಂಸ್ಥೆಯ ನಿರ್ದೇಶಕರಾದರು, 2019ರಲ್ಲಿ ತೀರಿಕೊಂಡರು. ಕಪಿಲೆ ಮಳೆನೀರಿಗೆ ಕೆಂಪಾಗಿ ಹರಿಯುತ್ತಿದ್ದಳು. ದರ್ಶನ ಮುಗಿಸಿ ರಥಬೀದಿಯ ಒಂದು ಹೋಟೆಲಿನಲ್ಲಿ ಕೂತೆವು. ಗಲ್ಲಾದಲ್ಲಿದ್ದ ಹಿರಿಯರು ಎಲ್ಲಿಂದ ಬಂದಿರಿ ಎಂದು ವಿಚಾರಿಸಿದರು. ಹೇಳಿದೆ. ನಿಮ್ಮ ಊರಿನವರೇ ಶುರು ಮಾಡಿದ ಕೆಲಸ ಎಂದಾಗ ಅವರು ಗಲ್ಲಾ ಬಿಟ್ಟು ಬಂದು ಕೂತು, ಒಳಗಿದ್ದ ಮೊಮ್ಮಗನನ್ನು ಕರೆದರು. “ಬಾರೋ ಇಲ್ಲಿ, ಕೇಳ್ಕೋ. ಮೇಷ್ಟ್ರು ಹೇಳ್ತಾರೆ.” ಹುಡುಗ ಪಿಯುಸಿ ಎರಡನೇ ವರ್ಷ, ವಿಜ್ಞಾನ.

ನ್ಯೂಟ್ರಿನೊ ಕತೆ ಅವನಿಗೆ ಹಿಡಿಸಿತು. ದಾರಿಯಲ್ಲೇ ಒಂದು ಬಗೆಯದು ಇನ್ನೊಂದಾಗಿ ಬದಲಾಗುತ್ತದೆ, ಭೂಮಿಯ ಆ ಮಗ್ಗುಲಿಂದ ಬರುವವುಗಳಲ್ಲಿ ಒಂದು ಬಗೆ ಕಡಿಮೆಯಾಗಿರುವುದನ್ನು ಎಣಿಸಿ 1998ರಲ್ಲಿ ಜಪಾನಿನವರು ಅದನ್ನು ತೋರಿಸಿದರು, ಅವರಲ್ಲಿ ಒಬ್ಬರಾದ ಕಾಜಿಟಾ ಅವರಿಗೆ 2015ರ ನೊಬೆಲ್ ಬಂತು ಎಂದೆಲ್ಲ ಹೇಳಿದೆ. ಪ್ರೋಟಾನಿನ ಮಾತಿಗೆ ಬಂದಾಗ ಅವನು ಒಪ್ಪಲಿಲ್ಲ.

“ಸಾರ್, ಅಷ್ಟು ಕೋಟಿ ಕೋಟಿ ವರ್ಷ ಬದುಕೋದನ್ನ ಹತ್ತು ವರ್ಷದಲ್ಲಿ ಹೇಗೆ ನೋಡೋದು?”

ಪುಟ್ಟಿ ಬಿಲ್ಲಿನ ಹಿಂಬದಿಗೆ ಬರೆದಳು. 140 ಟನ್ ಕಬ್ಬಿಣ, ಒಂದು ಗ್ರಾಮಿಗೆ ಅವೊಗಾಡ್ರೊ ಸಂಖ್ಯೆಯಷ್ಟು (ಆರರ ಮುಂದೆ ಇಪ್ಪತ್ತಮೂರು ಸೊನ್ನೆ) ಪ್ರೋಟಾನ್, ನ್ಯೂಟ್ರಾನ್ ಕಣ. ಗುಣಿಸಿದರೆ ಎಂಟರ ಮುಂದೆ ಮೂವತ್ತೊಂದು ಸೊನ್ನೆ, ಅದರಲ್ಲಿ ಅರ್ಧಕ್ಕೆ ತುಸು ಕಡಿಮೆ ಪ್ರೋಟಾನ್. “ಒಂದೇ ಪ್ರೋಟಾನ್ ಇಟ್ಕೊಂಡು ಅಷ್ಟು ವರ್ಷ ಕಾಯೋ ಬದಲು, ಅಷ್ಟು ಪ್ರೋಟಾನ್ ಇಟ್ಕೊಂಡು ಒಂದು ವರ್ಷ ಕಾಯೋದು.”

ಹುಡುಗ ಕಾಗದ ತನ್ನ ಕಡೆ ತಿರುಗಿಸಿಕೊಂಡು ಸೊನ್ನೆಗಳನ್ನು ಮತ್ತೆ ಎಣಿಸಿದ. “ಆದ್ರೂ ಸಿಕ್ಕಿಲ್ಲ ಅಂದ್ರೆ ಆಯಸ್ಸು ಇನ್ನೂ ಜಾಸ್ತಿ. ಹಾಗಾದ್ರೆ ಇನ್ನೂ ದೊಡ್ಡದು ಕಟ್ಬೇಕು.”

ಕಟ್ಟುತ್ತಿದ್ದಾರೆ ಎಂದೆ, ಜಪಾನಿನಲ್ಲಿ, ಬೆಟ್ಟ ಕೊರೆದು, ಸುಮಾರು 2.6 ಲಕ್ಷ ಟನ್ ನೀರಿನ ತೊಟ್ಟಿ. ಅದರಲ್ಲಿ ಎಷ್ಟು ಪ್ರೋಟಾನ್ ಬರುತ್ತವೆ ಎಂದು ಲೆಕ್ಕ ಹಾಕಲು ಅವನು ಆಗಲೇ ಬಿಲ್ಲಿನ ಉಳಿದ ಜಾಗಕ್ಕೆ ಪೆನ್ನು ಇಟ್ಟಿದ್ದ. ಅದು ಮುಗಿಯುವವರೆಗೆ ನಾವು ಇನ್ನೊಂದು ಸುತ್ತು ಕಾಫಿ ತರಿಸಿಕೊಂಡೆವು.